ಹದಿನೆಂಟು ಅಚ್ಚು ಬೆಲ್ಲ

ನವೆಂಬರ್ 12, 2018, ಸೋಮವಾರ

ಇದು ಯೂನಿಟ್‌ನಲ್ಲಿ ಬಂಡಲ್ ಎಣಿಸಿ ಬರೆಯುವ ಪುಸ್ತಕ. ಒಂದನ್ನು ಎತ್ತಿಕೊಂಡು ಬಂದೆ. ದಿನಾ ಎಷ್ಟು ಭಾರ ಎತ್ತಿದೆ, ಎಷ್ಟು ಸಲ ಎತ್ತಿದೆ ಎಂದು ಬರೆದಿಟ್ಟರೆ ಮಾತ್ರ ಮೈ ಬಗ್ಗುತ್ತದಂತೆ. ಹಾಗೆಂದವನು ಕಿರಣ್ ಕುಮಾರ್, ನಮ್ಮಲ್ಲಿ ಜಿಪ್ ಕೂಡಿಸುವ ಟೇಲರ್. ಇಪ್ಪತ್ತಾರು ವರ್ಷದವನು, ಕೈ ಮಡಿಸಿದರೆ ಅಂಗಿಯ ಹೊಲಿಗೆ ಬಿಡಬೇಕು, ಅಂಥ ತೋಳು. ನನಗೆ ನಲವತ್ತೇಳು. ಇಪ್ಪತ್ತೆರಡು ವರ್ಷ ರಾಯದುರ್ಗದ ಜೀನ್ಸ್ ಯೂನಿಟ್‌ಗಳಲ್ಲಿ ಕಟಿಂಗ್ ಮೇಜಿನ ಮುಂದೆ ನಿಂತು ಕಾಲು ಕಂಬವಾಗಿವೆ, ಹೊಟ್ಟೆ ನನಗಿಂತ ಮೊದಲು ಮೇಜಿಗೆ ತಾಗುತ್ತದೆ. ಈ ವಯಸ್ಸಿನಲ್ಲಿ ಕಸರತ್ತಂತೆ. ನಗುವವರು ನಗಲಿ.

ಯಾಕೆಂಬುದನ್ನೂ ಬರೆದುಬಿಡುತ್ತೇನೆ. ಏಪ್ರಿಲ್‌ನಲ್ಲಿ ಯೂನಿಟ್‌ನ ಹೆಂಗಸರನ್ನು ಕರೆತರುತ್ತಿದ್ದ ಆಟೋ ಮಗುಚಿ ಶಿವಲಕ್ಷ್ಮಿಯ ಬೆನ್ನುಮೂಳೆ ಏಟು ತಿಂದಿತು. ನನ್ನ ಹೆಂಡತಿಗೆ ಈಗ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಕೈ, ಬಾಯಿ ಮೊದಲಿನಂತೆಯೇ ಇವೆ, ಬಾಯಿ ಒಂದು ತೂಕ ಹೆಚ್ಚೇ. ಮಂಚದ ಮೇಲೆ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಾಳೆ. ಮಕ್ಕಳಿಲ್ಲ, ನಾವಿಬ್ಬರೇ. ಗಾಲಿಕುರ್ಚಿ ಇದ್ದರೂ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಬಾಗಿಲು ಕಿರಿದು. ಎತ್ತಲೇಬೇಕು. ಇಷ್ಟು ದಿನ ಪಕ್ಕದ ಮನೆಯ ಕೆಂಪಕ್ಕ ಕಾಲು ಹಿಡಿಯುತ್ತಿದ್ದಳು, ನಾನು ರಟ್ಟೆ ಹಿಡಿಯುತ್ತಿದ್ದೆ. ಅರವತ್ತು ದಾಟಿದ ಕೆಂಪಕ್ಕನ ಭುಜವೂ ಈಗ ಹೋಗಿದೆ.

ದೀಪಾವಳಿಗೆ ಕೆಂಪಕ್ಕ ಮಗಳ ಊರಿಗೆ ಹೋಗಿದ್ದಳು. ಶಿವಲಕ್ಷ್ಮಿಗೆ ಎಣ್ಣೆನೀರು ಹಾಕಬೇಕಿತ್ತು. ಮಡಕಶಿರ ಸೀಮೆಯ ಅಮರಾಪುರದ ಕಡೆಯಿಂದ ಅವಳ ಅಣ್ಣ ಲಕ್ಷ್ಮೀನರಸಪ್ಪ ಸೀರೆ, ಕಡಲೆಕಾಯಿ ಚೀಲ ಹಿಡಿದು ಬಂದಿದ್ದರು. ಅವರ ಮುಂದೆ ದೊಡ್ಡಸ್ತಿಕೆ ತೋರಿಸಲು ಹೋಗಿ ಒಬ್ಬನೇ ಎತ್ತಿದೆ. ಎರಡನೇ ಮೆಟ್ಟಿಲಿಗೆ ಬೆನ್ನು ಹಿಡಿದುಕೊಂಡಿತು. ಎಣ್ಣೆ ಮೈ, ಜಾರಿತು. ಅವಳು ಬಚ್ಚಲ ಕಲ್ಲಿನ ಮೇಲೆ ಬಿದ್ದಳು. ಕಿರುಚಲೂ ಇಲ್ಲ. ನೋವು ಗೊತ್ತಾಗೋ ಕಡೆ ಬಿದ್ದಿಲ್ಲ ಬಿಡಿ ಎಂದಳು. ಹಣೆಯಿಂದ ರಕ್ತ ಸುರಿಯುತ್ತಿತ್ತು.

ಲಕ್ಷ್ಮೀನರಸಪ್ಪ ಓಡಿಬಂದು ಒಬ್ಬರೇ ಅವಳನ್ನು ಎತ್ತಿ ಮಂಚಕ್ಕೆ ತಂದರು. ರಾಗಿ ಚೀಲ ಹೊತ್ತ ಕೈ ಅದು. ಹಣೆಗೆ ಬಟ್ಟೆ ಕಟ್ಟಿಯಾದ ಮೇಲೆ ನನ್ನನ್ನು ಹೊರಗೆ ಕರೆದರು. ಇವಳು ಆಸ್ಪತ್ರೆಯಲ್ಲಿದ್ದಾಗ, ಬದುಕಿ ಉಳಿದರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆಂದು ತಮ್ಮೂರ ಆಂಜನೇಯನಿಗೆ ಹರಸಿಕೊಂಡಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ಐವತ್ತೆಂಟು ಕೆಜಿ ಎಂದಿತ್ತು. ಅದನ್ನೇ ಹಿಡಿದರು.

“ಸುಂಕಪ್ಪನೋರೆ, ಯುಗಾದಿಗೆ ಮುಂಚೆ ತುಲಾಭಾರ ಮಾಡ್ಸಾಣ. ಅವತ್ತು ನೀವೊಬ್ರೇ ಎತ್ತಿ ಅವ್ಳನ್ನ ತಕ್ಕಡೀಲಿ ಕೂರಿಸ್ಬೇಕು. ಆಗ್ಲಿಲ್ಲ ಅಂದ್ರೆ ಅವ್ಳು ನಮ್ಮನೇಲಿ ಇರ್ತಾಳೆ. ಜಗಳ ತೆಗೆಯಾಕೆ ಹೇಳ್ತಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಬೀಳಿಸಿದವನಿಗೆ ಏನು ಬಾಯಿ? ಇವಳು ಒಳಗಿನಿಂದಲೇ ನಾನೆಲ್ಲೂ ಬರಲ್ಲ ಎಂದು ಕೂಗಿದಳು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ನವೆಂಬರ್ 13

ಮರಳು: 5 ಕೆಜಿ. ಬಸ್ಕಿ: 7. ದಂಡ: ಸೊನ್ನೆ.

ಕಬ್ಬಿಣದ ಡಂಬೆಲ್ಲು ಗಿಂಬೆಲ್ಲು ನನಗೆ ಬೇಡ. ರಿಜೆಕ್ಟಾದ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ತುದಿಗೆ ಎರಡು ಹೊಲಿಗೆ ಹಾಕಿ, ಹಗರಿ ಹೊಳೆಯ ಮರಳು ತುಂಬಿದೆ. ಯೂನಿಟ್‌ನ ಕಾಂಟಾದ ಮೇಲಿಟ್ಟು ತೂಗಿದೆ. ಎದೆಗವಚಿಕೊಂಡು ಬಸ್ಕಿ ಹೊಡೆ, ಬೆನ್ನು ಬಗ್ಗಿಸಬೇಡ, ಮೊಣಕಾಲು ಬಗ್ಗಿಸು ಎಂದಿದ್ದಾನೆ ಕಿರಣ್. ಎಂಟನೆಯದಕ್ಕೆ ಕಣ್ಣು ಕತ್ತಲೆ ಬಂತು. ದಂಡ ಹೊಡೆಯಲು ಹೋದರೆ ಎದೆಗಿಂತ ಮೊದಲು ಹೊಟ್ಟೆ ನೆಲಕ್ಕೆ ಮುಟ್ಟಿತು, ಆಮೇಲೆ ಮೇಲೇಳಲಿಲ್ಲ. ಶಿವಲಕ್ಷ್ಮಿ ಕತ್ತರಿ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬಿದ್ದ ಮೇಲೆ ನಕ್ಕಿದ್ದು ಇದೇ ಮೊದಲು. ನನಗೆ ಸಿಟ್ಟೂ ಬಂತು, ಸಂತೋಷವೂ ಆಯಿತು.

ನವೆಂಬರ್ 15

ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ತೊಡೆ ನನ್ನದಲ್ಲ. ಕಿರಣ್ ಎದುರಿಗೆ ಸಿಕ್ಕಿದ್ದರೆ ನಾಲ್ಕು ಬಯ್ಯುತ್ತಿದ್ದೆ. ಇವತ್ತು ಪೆನ್ನು ಎತ್ತಿದ್ದೇ ಭಾರ.

ನವೆಂಬರ್ 25, ಭಾನುವಾರ

ಮರಳು: 8 ಕೆಜಿ. ಬಸ್ಕಿ: 15. ದಂಡ: 2.

ಎಣಿಸುವ ಕೆಲಸ ಶಿವಲಕ್ಷ್ಮಿಗೆ ಕೊಟ್ಟಿದ್ದೇನೆ. ಮೋಸ ಮಾಡುತ್ತಾಳೆ. ಒಂಬತ್ತಾದ ಮೇಲೆ ಮತ್ತೆ ಒಂಬತ್ತು ಎನ್ನುತ್ತಾಳೆ. ಇಪ್ಪತ್ತೆರಡು ವರ್ಷ ಬಂಡಲ್ ಎಣಿಸಿದವನಿಗೆ ಎಣಿಕೆ ಗೊತ್ತಿಲ್ಲವೇ? ಜಗಳ ಮಾಡಿದೆ. “ನೀವು ಏದುಸಿರು ಬಿಡ್ತಿದ್ರಲ್ಲ, ಅದರಾಗೆ ನಂಗೆ ಕೇಳಿಸ್ಲಿಲ್ಲ ಕಣ್ರಿ,” ಎಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷ ರಾಯದುರ್ಗದ ನೀರು ಕುಡಿದರೂ ಅವಳ ‘ಕಣ್ರಿ’ ಹೋಗಿಲ್ಲ. ನಾನು ‘ಐತಿ’ ಎಂದರೆ ಅವಳು ‘ಐತೆ’ ಎಂದು ತಿದ್ದುತ್ತಾಳೆ.

ಸದ್ಯಕ್ಕೆ ಊರಲ್ಲೇ ಇರುವ ಕೆಂಪಕ್ಕನ ಕಿರಿಯ ಅಳಿಯ ಬಂದು ಬೆಳಿಗ್ಗೆ ಕೈಜೋಡಿಸಿ ಹೋಗುತ್ತಾನೆ. ಪರಗಂಡಸು ಬಂದು ಬಚ್ಚಲಿಗೆ ಎತ್ತುವುದು ಅವಳಿಗೆ ಸಾವೇ. ಅವನು ಬರುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಹೋದ ಮೇಲೂ ಸ್ವಲ್ಪ ಹೊತ್ತು ತೆರೆಯುವುದಿಲ್ಲ. ನಾನು ನೋಡದವನಂತೆ ಒಲೆಯ ಕಡೆ ತಿರುಗುತ್ತೇನೆ.

ಡಿಸೆಂಬರ್ 9, ಭಾನುವಾರ

ಮರಳು: 12 ಕೆಜಿ. ಬಸ್ಕಿ: 20. ದಂಡ: 6.

ಕಿರಣ್ ಮೊಟ್ಟೆ ತಿನ್ನು ಎಂದಿದ್ದಾನೆ. ನಾಲ್ಕು ಬೇಯಿಸಿದೆ, ಇಬ್ಬರಿಗೂ ಎರಡೆರಡು. ಶಿವಲಕ್ಷ್ಮಿ ತನ್ನವೆರಡನ್ನೂ ನನ್ನ ತಟ್ಟೆಗೆ ಹಾಕಿದಳು. ಕೂತಲ್ಲೇ ಕೂರುವವಳಿಗೆ ಮೊಟ್ಟೆ ಯಾಕೆ, ಅರಗುವುದಿಲ್ಲ, ಭಾರ ಎತ್ತುವವರು ತಿನ್ನಬೇಕು ಎಂದಳು. ನನಗೆ ಬೇಡ ಎಂದೆ ಒಂದು ಸಲ. ಎರಡನೇ ಸಲ ಹೇಳಲಿಲ್ಲ. ಉಪ್ಪು, ಮೆಣಸಿನ ಪುಡಿ ಉದುರಿಸಿ ನಾಲ್ಕನ್ನೂ ತಿಂದೆ. ಚೆನ್ನಾಗಿದ್ದವು.

ಈಗ ಹಸಿವು ಬೆಂಕಿ. ಮಧ್ಯಾಹ್ನಕ್ಕೆ ಅವಳಿಗೆಂದು ಎರಡು ರೊಟ್ಟಿ, ಪಲ್ಯ ಕಿಟಕಿಯ ಹತ್ತಿರ ಮುಚ್ಚಿಟ್ಟು ಹೋಗುತ್ತೇನೆ, ಸಂಜೆಗೆ ಡಬ್ಬಿ ತೊಳೆದ ಹಾಗೆ ಇರುತ್ತದೆ. ರಾತ್ರಿ ನಾನು ಬರುವುದರೊಳಗೆ ಕೆಂಪಕ್ಕ ತಂದುಕೊಟ್ಟ ಮುದ್ದೆ ತಿಂದಾಯಿತು ಎನ್ನುತ್ತಾಳೆ. ಮೊದಲು ಒಟ್ಟಿಗೇ ಕೂರುತ್ತಿದ್ದೆವು. ಅದೊಂದು ಬೇಜಾರು. ಕಾದು ಕೂರಲು ಅವಳೇನು ಹೊಸ ಹೆಂಡತಿಯೇ, ಇರಲಿ.

ಡಿಸೆಂಬರ್ 23, ಭಾನುವಾರ

ಮರಳು: 20 ಕೆಜಿ, ಪ್ಯಾಂಟಿನ ಎರಡು ಕಾಲು ಜೋಡಿಸಿ ಹೊಲಿದೆ. ಬಸ್ಕಿ: 15.

ಅವಳ ಈಗಿನ ತೂಕ ಎಷ್ಟೆಂದು ಗೊತ್ತಾದರೆ ಗುರಿ ಗೊತ್ತಾಗುತ್ತದಲ್ಲ. ಯೂನಿಟ್‌ನ ಕಾಂಟಾ ಒಂದು ದಿನದ ಮಟ್ಟಿಗೆ ಗಾಡಿಯಲ್ಲಿ ತರುತ್ತೇನೆ ಎಂದೆ. ಒಪ್ಪಲಿಲ್ಲ. ಹರಕೆಯ ತೂಕ ಮೊದಲು ದೇವರ ಮುಂದೇ ಆಗಬೇಕಂತೆ, ಅದಕ್ಕೆ ಮುಂಚೆ ತೂಗಿದರೆ ಎಂಜಲು ಮಾಡಿದ ಹಾಗಂತೆ. ಮಡಕಶಿರದ ಕಡೆ ಹಾಗೇ ಅಂತೆ. ನಾನು ಕೇಳಿರಲಿಲ್ಲ. ಅವರ ಊರು, ಅವರ ದೇವರು, ನಾನ್ಯಾಕೆ ಅಡ್ಡ ಬರಲಿ. ಐವತ್ತೆಂಟು ಎಂದೇ ಹಿಡಿದುಕೊಂಡೆ.

ಕೆಂಪಕ್ಕ ತನ್ನ ಮೇಕೆಯನ್ನು ನಮ್ಮ ಕಿಟಕಿಯ ಕಂಬಿಗೇ ಕಟ್ಟುತ್ತಾಳೆ ಈಚೆಗೆ. ಚೆನ್ನಾಗಿ ಮೈ ಬಿಟ್ಟಿದೆ. ಏನು ಹಾಕ್ತೀಯ, ಹಬ್ಬಕ್ಕೆ ಭರ್ಜರಿ ಆಗುತ್ತದೆ ಎಂದೆ. ಕೆಂಪಕ್ಕ ಮುಖ ತಿರುಗಿಸಿ ಒಳಗೆ ಹೋದಳು. ಮೇಕೆಯ ಮಾತಿಗೂ ಮುನಿಸು ಇವಳಿಗೆ.

ಜನವರಿ 6, 2019, ಭಾನುವಾರ

ಮರಳು ಇಲ್ಲ ಇವತ್ತು.

ಇವತ್ತು ಎತ್ತಿದೆ. ಅವಳನ್ನು. ಒಬ್ಬನೇ.

ಕೆಂಪಕ್ಕನ ಅಳಿಯ ಬರಲಿಲ್ಲ. ಕಾದೆವು. ಅವಳಿಗೆ ತಡೆಯಲಾಗಲಿಲ್ಲ, ಮುಖ ಕಿವುಚುತ್ತಿತ್ತು. ದೇವರ ಮೇಲೆ ಭಾರ ಹಾಕಿ, ಮೊಣಕಾಲು ಬಗ್ಗಿಸಿ, ಒಂದು ಕೈ ಬೆನ್ನಿನ ಕೆಳಗೆ, ಒಂದು ಕೈ ತೊಡೆಯ ಕೆಳಗೆ ಹಾಕಿ ಎದೆಗೆ ಒತ್ತಿಕೊಂಡೆ. ಎದ್ದಳು. ಕಷ್ಟವಾಯಿತು, ಆದರೆ ಎದ್ದಳು. ಎರಡು ಮೆಟ್ಟಿಲು ಇಳಿದೆ. ಈ ಸಲ ಜಾರಲಿಲ್ಲ. ಮತ್ತೆ ತಂದು ಮಲಗಿಸಿದ ಮೇಲೆ ಅವಳ ಕಾಲಿನ ಹತ್ತಿರ ಕೂತು ಅತ್ತುಬಿಟ್ಟೆ. ಅವಳು ನನ್ನ ತಲೆ ಸವರಿ, ಐವತ್ತೆಂಟು ಕೆಜಿ ಎತ್ತಿದ ಪೈಲ್ವಾನರು ಅಳಬಾರದು ಎಂದಳು.

ಅಳಿಯನಿಗೆ ಇನ್ನು ಬರಬೇಡಪ್ಪ ಎಂದು ಹೇಳಿ ಕಳಿಸಿದೆ.

ಜನವರಿ 15, ಸಂಕ್ರಾಂತಿ

ಬಂಡಲ್ ಹೊತ್ತು ಹೋಗುವಾಗ ಮೆಟ್ಟಿಲಲ್ಲಿ ಏದುಸಿರು ಬರಲಿಲ್ಲ. ಬೆಲ್ಟಿಗೆ ಎರಡು ಹೊಸ ತೂತು ಹೊಡೆದೆ. ಮಾಲೀಕರು ಏನ್ ಸುಂಕಪ್ಪ, ಮದುವಿ ಗಿದುವಿ ಆಗ್ತೀಯೇನೋ ಮತ್ತ ಎಂದು ತಮಾಷೆ ಮಾಡಿದರು. ಕನ್ನಡಿ ನೋಡಿಕೊಂಡೆ, ನಾಚಿಕೆಯಾಗುವಷ್ಟು ಹೊತ್ತು.

ಹಬ್ಬಕ್ಕೆ ಶಿವಲಕ್ಷ್ಮಿ ಹೊಸ ಬಳೆ ಕೇಳಿದಳು. ಹಳೆಯವು ಮುಂಗೈಯಿಂದ ಜಾರಿ ಬೀಳುತ್ತಿದ್ದವು. ಒಂದು ಸೈಜು ಕಡಿಮೆ ತಂದೆ.

ಫೆಬ್ರವರಿ 3, ಭಾನುವಾರ

ಮರಳು: 35 ಕೆಜಿ, ಎದೆಯ ಮಟ್ಟಕ್ಕೆ. ದಂಡ: 18.

ಅವಳ ಕುಪ್ಪಸಗಳು ಸಡಿಲವಾಗಿವೆ. ನಾನೇ ಕೂತು ಎರಡೂ ಪಕ್ಕ ಹೊಲಿಗೆ ಹಿಡಿದೆ, ಒಟ್ಟು ಮೂರು ಇಂಚು. ಆಡದ ಮೈ ಬತ್ತುತ್ತದೆ, ಕಾಲು ಸಣ್ಣಗಾಗುತ್ತವೆ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ಅದೇ ಇರಬೇಕು. ಮುಖ ಸೊರಗಿದೆ ಎಂದೆ. ನಿಮ್ಮ ಮುಖಾನೂ ಸೊರಗೈತೆ, ಅದಕ್ಕೆ ಮಾತ್ರ ಬೆಲ್ಟಿಗೆ ತೂತು ಹೊಡ್ಕಂಡು ಕುಣೀತೀರಿ ಎಂದಳು.

ಈಗ ಅವಳನ್ನು ಎತ್ತುವುದು ಸಲೀಸು. ಬೆಳಿಗ್ಗೆ, ಸಂಜೆ. ಮರಳಿನ ಚೀಲಕ್ಕಿಂತ ಅವಳೇ ಹಗುರ ಎನಿಸುತ್ತದೆ. ಜೀವ ಇರುವ ಭಾರ ಕೈಗೆ ಹೊಂದಿಕೊಳ್ಳುತ್ತದೆ, ಮರಳು ಹೊಂದಿಕೊಳ್ಳುವುದಿಲ್ಲ, ಅದಕ್ಕೇ ಹಾಗೆನಿಸುತ್ತದೆ ಎಂದ ಕಿರಣ್. ಅವನಿಗೆ ಎಲ್ಲದಕ್ಕೂ ಉತ್ತರ ಗೊತ್ತು.

ಫೆಬ್ರವರಿ 21

ಸೊಂಟದ ಹಿಂದೆ ರೂಪಾಯಿ ಅಗಲದ ಹುಣ್ಣಾಗಿದೆ. ಮನೆಗೆ ಬಂದ ನರ್ಸಮ್ಮ ಔಷಧಿ ಹಚ್ಚಿ, ಮಗ್ಗುಲು ಬದಲಿಸಿರಿ, ಮೊಟ್ಟೆ, ಕಾಳು ಕೊಡಿರಿ ಎಂದರು. ದಿನಾ ನಾಲ್ಕು ಮೊಟ್ಟೆ ಬೇಯುತ್ತವೆ ನಮ್ಮ ಮನೆಯಲ್ಲಿ ಎಂದೆ. ಶಿವಲಕ್ಷ್ಮಿ ಗೋಡೆ ನೋಡುತ್ತಿದ್ದಳು. ನರ್ಸಮ್ಮ ಹೋದ ಮೇಲೆ ಇವತ್ತಿನಿಂದ ನಿನ್ನ ಮೊಟ್ಟೆ ನೀನೇ ತಿನ್ನು ಎಂದೆ. ನನ್ನ ಎದುರಿಗೇ ಒಂದು ತಿಂದಳು. ಸ್ವಲ್ಪ ಹೊತ್ತಿಗೆ ಎಲ್ಲ ವಾಂತಿಯಾಯಿತು. ನೋಡಿ, ಅರಗಲ್ಲ ಅಂದಿರ್ಲಿಲ್ವಾ ಎಂದಳು.

ಮಾರ್ಚ್ 3, ಭಾನುವಾರ

ಮರಳು: 40 ಕೆಜಿ. ಎದೆಯ ಮಟ್ಟಕ್ಕೆ, ಐದು ಸಲ.

ಸಂಜೆ ಅವಳನ್ನು ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತೆ. ಏಪ್ರಿಲ್‌ನಲ್ಲಿ ಆಟೋ ಮಗುಚಿದ ಮೇಲೆ ಅವಳು ಬೀದಿ ನೋಡಿರಲಿಲ್ಲ. ಕೋಟೆಯ ಬೆಟ್ಟಕ್ಕೆ ಬಿಸಿಲು ಇನ್ನೂ ಇತ್ತು. ಮದುವೆಯಾದ ಹೊಸದರಲ್ಲಿ ನಿಮ್ಮ ಮಡಕಶಿರದ ಬೆಟ್ಟ ದೊಡ್ಡದೋ ನಮ್ಮದೋ ಎಂದು ಇಬ್ಬರೂ ಒಂದು ವಾರ ಮಾತು ಬಿಟ್ಟಿದ್ದನ್ನು ನೆನಪು ಮಾಡಿದಳು. ಯಾವುದು ದೊಡ್ಡದು ಹೇಳು ಈಗ ಎಂದೆ. ನಿಮ್ದೇ ಆಯ್ತು ಬಿಡಿ ಎಂದಳು. ಯಾವತ್ತೂ ಹಾಗೆ ಸೋತವಳಲ್ಲ. ತಲೆಯನ್ನು ನನ್ನ ಭುಜಕ್ಕೆ ಒರಗಿಸಿದ್ದಳು. ಬೀದಿಯವರು ನೋಡುತ್ತಿದ್ದರು. ನೋಡಲಿ ಎಂದು ಕೂತೇ ಇದ್ದೆ.

ನನ್ನ ಬದುಕಿನಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಈ ಮರಳು ಎತ್ತಿದ್ದು ಎನಿಸಿತು.

ಮಾರ್ಚ್ 15

ನಾಳೆ ಶನಿವಾರ, ತುಲಾಭಾರ. ವ್ಯಾನ್ ಹೇಳಿದ್ದೇನೆ. ಗುಡಿಗೆ ಹನ್ನೊಂದು ಮೆಟ್ಟಿಲಿವೆಯಂತೆ. ಇಪ್ಪತ್ತೊಂದಿರಲಿ.

ಸಂಜೆ ಶಿವಲಕ್ಷ್ಮಿ ತುಲಾಭಾರ ಮುಂದಿನ ವರ್ಷಕ್ಕೆ ಹಾಕೋಣ್ವಾ ಎಂದು ಒಂದು ಸಲ ಕೇಳಿದಳು. ನಿನಗೆ ಹುಚ್ಚು ಎಂದೆ.

ಮಾರ್ಚ್ 17, ಭಾನುವಾರ

ನಿನ್ನೆ ಬರೆಯಲಾಗಲಿಲ್ಲ. ಲಕ್ಷ್ಮೀನರಸಪ್ಪನವರ ಮನೆಯಲ್ಲೇ ಉಳಿದಿದ್ದೇವೆ. ಈಗ ಬರೆಯದಿದ್ದರೆ ತಲೆ ಒಡೆಯುತ್ತದೆ.

ವ್ಯಾನಿನಿಂದ ನಾನೇ ಎತ್ತಿದೆ. ಹನ್ನೊಂದು ಮೆಟ್ಟಿಲು ನಿಲ್ಲದೆ ಹತ್ತಿದೆ. ಲಕ್ಷ್ಮೀನರಸಪ್ಪ ಕೈ ಮುಂದೆ ಮಾಡಿಕೊಂಡು ಪಕ್ಕದಲ್ಲೇ ಬಂದರು, ಬೀಳಿಸಿದರೆ ಹಿಡಿಯಲು. ಹಿಡಿಯುವ ಪ್ರಮೇಯವೇ ಬರಲಿಲ್ಲ. ಊರಿನ ಹೆಂಗಸರು, ಶಂಕ್ರಮ್ಮ ಎನ್ನುವ ಅವರ ಚಿಕ್ಕಮ್ಮ, ಎಲ್ಲ ಅಯ್ಯಯ್ಯೋ ಎಂದು ನೋಡಿದರು. ನನಗೆ ಎದೆ ಉಬ್ಬಿತ್ತು. ನನ್ನ ಮುಖ ಗಮನಿಸಿದ್ದರೆ ದೇವರೂ ನಗುತ್ತಿದ್ದ.

ಗುಡಿಯ ತೊಲೆಗೆ ಮರದ ತಕ್ಕಡಿ ಕಟ್ಟಿದ್ದರು. ಒಂದು ತಟ್ಟೆಯಲ್ಲಿ ಅವಳನ್ನು ಕೂರಿಸಿ, ಬೀಳದಂತೆ ಹಗ್ಗದ ಹತ್ತಿರ ನಿಂತೆ. ಲಕ್ಷ್ಮೀನರಸಪ್ಪ ಹಿಂದೂಪುರದ ಮಾರ್ಕೆಟ್ಟಿನಿಂದ ಐವತ್ತೆಂಟು ಅಚ್ಚು ಬೆಲ್ಲ ತಂದಿದ್ದರು, ಒಂದೊಂದೂ ಒಂದು ಕೆಜಿ. ತಾವೇ ಒಂದೊಂದಾಗಿ ಇನ್ನೊಂದು ತಟ್ಟೆಗೆ ಇಟ್ಟರು. ಹೆಂಗಸರು ಎಣಿಸುತ್ತಿದ್ದರು. ಮೂವತ್ತು. ಮೂವತ್ತೈದು. ಮೂವತ್ತೊಂಬತ್ತು ಇಟ್ಟಾಗ ಅವಳ ತಟ್ಟೆ ಅಲುಗಿತು. ನಲವತ್ತಕ್ಕೆ ಮೇಲೆದ್ದು ನಿಂತಿತು. ನನ್ನ ಹೆಂಡತಿ ಗಾಳಿಯಲ್ಲಿ ಕೂತಿದ್ದಳು, ಕಾಲುಗಳು ಎರಡು ದಾರದ ಹಾಗೆ ಜೋತಿದ್ದವು.

ಎಣಿಸುವವರು ನಿಲ್ಲಿಸಿದರು. ಪೂಜಾರಿ ಮಂಗಳಾರತಿಗೆ ಕೈ ಹಾಕಿದವರು ತಡೆದರು. ಬುಟ್ಟಿಯಲ್ಲಿ ಹದಿನೆಂಟು ಅಚ್ಚು ಹಾಗೇ ಉಳಿದಿದ್ದವು.

ತಕ್ಕಡಿ ಸರಿ ಇಲ್ಲ ಎಂದೆ. ನಾನೇ ಹಾಗೆಂದೆ. ದಿನಾ ಕಾಂಟಾ ನೋಡುವವನು. ಬಿಡಿಸಿ, ತಿರುಗಿಸಿ ಕಟ್ಟಿಸಿದೆ. ಮತ್ತೆ ನಲವತ್ತು. ಆಗ ಕುಪ್ಪಸಕ್ಕೆ ಹಿಡಿದ ಮೂರು ಇಂಚು ನೆನಪಾಯಿತು. ಬಳೆ ನೆನಪಾಯಿತು. ಕೆಂಪಕ್ಕನ ಮೇಕೆ ನೆನಪಾಯಿತು. ಅವಳ ಪಾಲಿನ ಮೊಟ್ಟೆಗಳು. ಮೂರು ತಿಂಗಳು ದಿನಾ ಎರಡು, ನಾನು ಉಪ್ಪು ಉದುರಿಸಿಕೊಂಡು ತಿಂದದ್ದು. ಅರ್ಧ ಇಂಚು ತಪ್ಪಿದರೆ ನೂರು ಪ್ಯಾಂಟು ಹಾಳು ಎಂದು ಹುಡುಗರಿಗೆ ಬಯ್ಯುವ ಕಟಿಂಗ್ ಮಾಸ್ಟರ್ ನಾನು. ನನ್ನ ಮನೆಯೊಳಗೆ ಹದಿನೆಂಟು ಕೆಜಿ ಹೋಗಿದ್ದು ಕಾಣಲಿಲ್ಲ.

ಗುಡಿಯ ಹೊರಗಿನ ಬೇವಿನ ಕೆಳಗೆ ಮಲಗಿಸಿ ಕೇಳಿದೆ. ಬಯ್ಯಬೇಕೆಂದೇ ಹೋದೆ. “ಯಾಕ ಹಿಂಗ ಮಾಡ್ದಿ?” ಎಂದಷ್ಟೇ ಬಂತು.

ಅವಳು ಸೀರೆಯ ಅಂಚು ಹಿಡಿದುಕೊಂಡು ಹೇಳಿದಳು.

“ಐವತ್ತೆಂಟು ನಿಮ್ಮ ಕೈಲಾಗಲ್ಲ ಅಂತ ಅವತ್ತು ಬಿದ್ದಾಗ್ಲೇ ಗೊತ್ತಾಯ್ತು ಕಣ್ರಿ. ಆಗ್ಲಿಲ್ಲ ಅಂದ್ರೆ ನಾನು ಇಲ್ಲಿಗೆ ಬರ್ಬೇಕಿತ್ತು. ನೀವು ಆ ಕಡೆಯಿಂದ ಬರ್ತಿದ್ರಿ, ಸರಿ, ನಾನೂ ಈ ಕಡೆಯಿಂದ ಬಂದ್ರೆ ಎಲ್ಲಾದ್ರೂ ನಡುವೆ ಸಿಕ್ತೀವಲ್ಲ ಅಂದ್ಕಂಡೆ.”

ಜನವರಿಯಲ್ಲೇ ಸಿಕ್ಕಿದ್ದೆವಲ್ಲ, ಆಮೇಲೂ ಯಾಕೆ ತಿನ್ನಲಿಲ್ಲ ಎಂದೆ. ತಿನ್ನಬೇಕೆಂದು ಕೂತರೆ ಆಗ ಒಳಗೆ ಇಳಿಯುತ್ತಿರಲಿಲ್ಲವಂತೆ. ಅದೂ ಅಲ್ಲದೆ ಎತ್ತಿಕೊಂಡಾಗ ನನ್ನ ಮುಖ ನೋಡಿ ಅವಳಿಗೆ ಆಸೆಯಾಗುತ್ತಿತ್ತಂತೆ, ಇನ್ನೂ ಸ್ವಲ್ಪ ಹಗುರಾಗೋಣ ಎಂದು.

ನಾನು ಬೇವಿನ ಮರಕ್ಕೆ ತಲೆ ಚಚ್ಚಿಕೊಂಡೆ. ಲಕ್ಷ್ಮೀನರಸಪ್ಪ ಬಂದು ಹಿಡಿದುಕೊಂಡರು.

ಮಾರ್ಚ್ 18

ಮಡಕಶಿರದ ಡಾಕ್ಟರು ನೋಡಿದರು. ರಕ್ತ ಇಲ್ಲವಂತೆ. ಹುಣ್ಣು ಮಾಯಬೇಕಾದರೆ ಮೈಯಲ್ಲಿ ಏನಾದರೂ ಇರಬೇಕಲ್ಲ ಎಂದರು. ಸ್ವಲ್ಪ ಸ್ವಲ್ಪವೇ ತಿನ್ನಿಸುತ್ತಾ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ, ಉಳಿಯುತ್ತಾಳೆ ಎಂದರು. ಉಳಿಯುತ್ತಾಳೆ ಎಂದ ಕೂಡಲೇ ಅವರ ಕಾಲಿಗೆ ಬೀಳಲು ಹೋದೆ.

ಹೊರಗೆ ಬಂದು ಲಕ್ಷ್ಮೀನರಸಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಮರೆಯಬಾರದು. “ನಾನು ನಿಮ್ಮನ್ನ ಬಯ್ಯಲ್ಲ ಸುಂಕಪ್ಪನೋರೆ. ನೀವು ಎತ್ತಿದ್ದು ಕಣ್ಣಾರೆ ನೋಡ್ದೆ. ಆದ್ರೆ ನಿಮ್ಮನೇಲಿ ಇರೋಗಂಟ ಅವ್ಳು ಹೊಟ್ಟೆ ತುಂಬ ಉಣ್ಣಲ್ಲ. ಮೊದ್ಲಿನಂಗೆ ಮೈ ಹಿಡೀಲಿ, ಅವತ್ತು ಬನ್ನಿ. ಎತ್ತಿ ಕರ್ಕಂಡು ಹೋಗಿ.”

ಅವರ ಮಾತು ನಿಜ.

ಅವರ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿದ್ದರು. ವ್ಯಾನಿನಿಂದ ಅಲ್ಲಿಗೆ ಎತ್ತಿ ತಂದೆ. ಇಳಿಸಲು ಮನಸ್ಸು ಬರಲಿಲ್ಲ. ಅವಳು ನನ್ನ ಅಂಗಿಯ ಕಾಲರು ಹಿಡಿದು ಬಿಡಲಿಲ್ಲ. ಬೆರಳು ಒಂದೊಂದಾಗಿ ನಾನೇ ಬಿಡಿಸಿದೆ.

ನೀವೂ ಇಲ್ಲೇ ಇರಿ ಎಂದರು ಅವರ ಮನೆಯವರು. ಕತ್ತರಿ ಹಿಡಿಯುವವನಿಗೆ ಅಲ್ಲಿ ಕೆಲಸವಿಲ್ಲ, ಮದ್ದು ಮಾತ್ರೆ ನಡೆಯುವುದು ಈ ಕತ್ತರಿಯಿಂದಲೇ. ಭಾನುವಾರ ಭಾನುವಾರ ಬಸ್ಸು ಹಿಡಿದು ಬರುತ್ತೇನೆ ಎಂದೆ.

ಉಳಿದ ಹದಿನೆಂಟು ಅಚ್ಚನ್ನು ಪೂಜಾರಿ ಮುಟ್ಟಲಿಲ್ಲ. ತೂಗದ್ದು ದೇವರದಲ್ಲ, ತೂಗಿದವಳ ಮನೆಗೆ ಸೇರಬೇಕು, ಅದೇ ರೂಢಿ ಎಂದಿದ್ದರು. ಲಕ್ಷ್ಮೀನರಸಪ್ಪ ಬುಟ್ಟಿಯನ್ನು ವ್ಯಾನಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಇಟ್ಟರು. ಕಲ್ಯಾಣದುರ್ಗ ದಾಟುವವರೆಗೂ ಅದು ಉರುಳದಂತೆ ಕೈ ಅಡ್ಡ ಇಟ್ಟುಕೊಂಡು ಬಂದೆ.

ಮಾರ್ಚ್ 20

ಕೆಂಪಕ್ಕ ಬಂದು ಹೊಸ್ತಿಲಲ್ಲಿ ಕೂತು ಅತ್ತಳು. ಯಾರಿಗೂ ಹೇಳಬಾರದೆಂದು ತನ್ನಿಂದ ಶಿವಲಕ್ಷ್ಮಿ ಆಣೆ ಹಾಕಿಸಿಕೊಂಡಿದ್ದಳಂತೆ. “ನಾ ಬ್ಯಾಡಂದೆ ಸುಂಕಪ್ಪ, ದಿನಾ ಬ್ಯಾಡಂದೆ. ಆ ರೊಟ್ಟಿ ಮೇಕಿಗೆ ಹಾಕುವಾಗ ನನ್ನ ಕರುಳು ಕಿತ್ತು ಬರ್ತಿತ್ತು,” ಎಂದಳು. ಹೋಗಲಿ ಬಿಡು ಎಂದೆ. ಕಿಟಕಿಯಿಂದ ಮೇಕೆ ಇಣುಕಿ ಕೂಗುತ್ತಿತ್ತು, ಅದಕ್ಕೆ ಮಧ್ಯಾಹ್ನದ ರೂಢಿ.

ಏನೂ ಎತ್ತಲಿಲ್ಲ.

ಮಾರ್ಚ್ 29

ಎತ್ತಲಿಲ್ಲ.

ಏಪ್ರಿಲ್ 6, ಯುಗಾದಿ

ಅಮರಾಪುರಕ್ಕೆ ಹೋಗಿ ಬಂದೆ. ಒಂದು ತುತ್ತು ಮುದ್ದೆ ನುಂಗಲು ಕಾಲು ಗಂಟೆ ತೆಗೆದುಕೊಂಡಳು. ಎರಡು ಕೆಜಿ ಏರಿದ್ದಾಳಂತೆ. ಅದನ್ನು ಹೇಳುವಾಗ ತಪ್ಪು ಮಾಡಿದವಳ ಹಾಗೆ ನನ್ನ ಮುಖ ನೋಡಿದಳು. ನೀವು ಮರಳು ಎತ್ತುತ್ತಿದ್ದೀರಾ ಎಂದು ಕೇಳಿದಳು. ಹೂಂ ಎಂದೆ. ಎಷ್ಟು ಎಂದಳು. ನಲವತ್ತೈದು ಎಂದುಬಿಟ್ಟೆ. ಆಗ ಇನ್ನೊಂದು ತುತ್ತು ಮುರಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅದೇ ತಲೆಯಲ್ಲಿ ಕೊರೆಯಿತು. ಅವಳು ನನ್ನ ಭಾರ ಕೇಳಿಕೊಂಡು ಉಣ್ಣುತ್ತಿದ್ದಾಳೆ. ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸುತ್ತಾಳೆ.

ಏಪ್ರಿಲ್ 28, ಭಾನುವಾರ

ಹುಣ್ಣು ನೋಡಲು ಡಾಕ್ಟರು ಬರುತ್ತಾರೆ, ಇವತ್ತು ಬರಬೇಡಿ ಎಂದು ಲಕ್ಷ್ಮೀನರಸಪ್ಪ ಫೋನ್ ಮಾಡಿದ್ದರು. ಇಡೀ ದಿನ ಮನೆಯಲ್ಲೇ ಇದ್ದೆ.

ಒಂದು ಇಡೀ ಪ್ಯಾಂಟು ಹರಡಿ ದೊಡ್ಡ ಚೀಲ ಹೊಲಿದೆ, ಮೂರು ಮೂರು ಹೊಲಿಗೆ. ನಲವತ್ತು ಕೆಜಿ ಮರಳು ತುಂಬಿ ಎತ್ತಿದೆ. ಒಂದೂವರೆ ತಿಂಗಳು ಬಿಟ್ಟಿದ್ದರೂ ಎದೆಯ ಮಟ್ಟಕ್ಕೆ ಬಂತು. ಇದು ಅವಳು, ಕಟ್ಟೆಯ ಮೇಲೆ ನನ್ನ ಭುಜಕ್ಕೆ ಒರಗಿದವಳು. ಆಮೇಲೆ ಹದಿನೆಂಟು ಅಚ್ಚು ಬೆಲ್ಲವನ್ನು ಹಳೆಯ ಪಂಚೆಯಲ್ಲಿ ಕಟ್ಟಿ ಮರಳಿನ ಮೇಲಿಟ್ಟು ಬಾಯಿ ಹೊಲಿದೆ. ಐವತ್ತೆಂಟು. ಇದೂ ಅವಳೇ, ಹಬ್ಬದ ದಿನ ನನ್ನ ಕೈಯಿಂದ ಜಾರಿದವಳು.

ಮೊಣಕಾಲು ಬಗ್ಗಿಸಿದೆ. ಎದೆಗೆ ಒತ್ತಿಕೊಂಡೆ. ಉಸಿರು ಕಟ್ಟಿದೆ. ಚೀಲದ ಒಂದು ತುದಿ ಎದ್ದಿತು, ಇನ್ನೊಂದು ತುದಿ ನೆಲ ಬಿಡಲಿಲ್ಲ. ಮತ್ತೆ. ಮತ್ತೆ. ಏಳು ಸಲ ನೋಡಿದೆ. ಅಂಗೈ ಸುಲಿಯಿತು. ಚೀಲದ ಮೇಲೆಯೇ ಮುಖವಿಟ್ಟು ಮಲಗಿದೆ. ಬೆಲ್ಲದ ವಾಸನೆ ಬರುತ್ತಿತ್ತು. ಈ ಅವಳನ್ನು ನಾನು ಒಂದು ದಿನವೂ ಎತ್ತಿರಲಿಲ್ಲ.

ಸಂಜೆ ಅವಳ ಫೋನ್ ಬಂತು. ನಲವತ್ತಾರು ಕೆಜಿಯಾಗಿದ್ದಾಳಂತೆ. ಊಟಕ್ಕೆ ಕೂತಿದ್ದಾಳಂತೆ, ತಟ್ಟೆಯಲ್ಲಿ ಒಂದು ಮುದ್ದೆ ಇದೆಯಂತೆ. ಹೋದ ಭಾನುವಾರ ನಾನು ಐವತ್ತೆಂಟು ಕೆಜಿಗೆ ದೊಡ್ಡ ಚೀಲ ಹೊಲಿಯುತ್ತೇನೆ ಎಂದಿದ್ದು ನೆನಪಿಟ್ಟುಕೊಂಡಿದ್ದಳು.

“ಐವತ್ತೆಂಟು ಎದ್ದಿತೇನ್ರಿ?”

ಚೀಲ ನೋಡಿದೆ. ಹೊಲಿಗೆಯ ಮೇಲೆ ಇರುವೆ ಸಾಲು ಹಿಡಿದಿತ್ತು.

“ಎದ್ದಿತು,” ಎಂದೆ.

“ಎಲ್ಲಿಗಂಟ?”

“ಎದಿ ಮಟ. ಐದು ಸಲ.”

ಅವಳು ಇಪ್ಪತ್ತು ವರ್ಷ ನನ್ನ ಸುಳ್ಳು ಹಿಡಿದವಳು. ನಾನು ಇರುವೆಗಳನ್ನು ಕೊಡವುತ್ತಾ ಕೂತೆ.

“ಹಂಗಾದ್ರೆ ಇನ್ನರ್ಧ ಹಾಕಿಸ್ಕಂತೀನಿ ಕಣ್ರಿ,” ಎಂದಳು.

ಹಾಕಿಸಿಕೋ ಎಂದೆ. ಫೋನ್ ಇಡಲಿಲ್ಲ. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ಲಕ್ಷ್ಮೀನರಸಪ್ಪನವರ ದನಿ ಬಂತು, ಉಂಡ್ಳು ಸುಂಕಪ್ಪನೋರೆ ಎಂದರು. ಆಮೇಲೆ ಇಟ್ಟೆ.

ಮರಳು: 40 ಕೆಜಿ. ಬೆಲ್ಲ: 18 ಕೆಜಿ. ಎತ್ತಿದ್ದು: ಇಲ್ಲ.